ಹೊಸ ಕೋವಿಯ ಮೊದಲ ಗುಂಡು

"ಇದ್ರ ಬಾಯಿ ಯಾವ ಕಡೀಕದೆ ಅಂತ ಗೊತ್ತಾದ್ರೆ ಸಾಕಲ್ವಾ, ಮಿಕ್ಕಿದ್ದು ತಾನಾಗೇ ಬರಾಕಿಲ್ವಾ?"

ಹೆಡತಲೆಯ ಚಿಕ್ಕಸ್ವಾಮಿಗೌಡ ಹೀಗೆ ಕೇಳಿದಾಗ ಹಜಾರದಲ್ಲಿ ಉತ್ತರ ಹೇಳುವವರು ಯಾರೂ ಇರಲಿಲ್ಲ. ಎದುರಿಗೆ ಚಾಪೆಯ ಮೇಲೆ ಹೊಸ ಕೋವಿ ಮಲಗಿತ್ತು, ಅಷ್ಟೆ.

ಅಮಲ್ದಾರರ ಕಚೇರಿಯ ಮೆಟ್ಟಿಲು ಸವೆಸಿ ಲೈಸೆನ್ಸು ಪಡೆದು, ಮೈಸೂರಿನಲ್ಲಿ ಕೊಂಡು, ನಂಜನಗೂಡಿನವರೆಗೆ ರೈಲಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು, ಅಲ್ಲಿಂದ ಗಾಡಿಯಲ್ಲಿ ಹುಲ್ಲಿನ ಮೆತ್ತೆ ಹಾಸಿ ತಂದ ಕೋವಿ. ಅದರ ಮರದ ಹಿಡಿ ಎಣ್ಣೆನೀರು ಎರೆದ ಕೂಸಿನ ಬೆನ್ನಿನಂತೆ ನುಣುಪಾಗಿತ್ತು. ಎತ್ತಿ ಹೆಗಲಿಗಿಟ್ಟುಕೊಂಡಾಗ ಅದರ ಭಾರಕ್ಕೆ, ನೊಗ ಹೊರುವ ಎತ್ತುಗಳ ಮೇಲೆ ಅವನಿಗೆ ಮೊದಲ ಸಲ ಗೌರವ ಹುಟ್ಟಿತು. ಒಂದು ಕಣ್ಣು ಮುಚ್ಚಿ ಗುರಿ ನೋಡಿದ. ಎರಡೂ ಮುಚ್ಚಿಕೊಂಡವು.

ಇರಲಿ. ಸಂಜೆ ಕೆರೆಯ ಹಿಂದಿನ ಗೆಣಸಿನ ಹೊಲಕ್ಕೆ ಕಾಡುಹಂದಿ ಬರುತ್ತದೆ. ಕೋವಿಯ ಮೊದಲ ಗುಂಡು ತನ್ನ ಕೈಯಿಂದಲೇ ಹಾರಬೇಕು. ಅವನಿಗೆ ಇದ್ದದ್ದು ಅದೊಂದೇ ಆಸೆ.

ಅಷ್ಟರಲ್ಲಿ ತಾಯಿ ಚಾಮುಂಡಮ್ಮ ಒಳಗಿನಿಂದ ಬಂದಳು. ಹಿಂದೆಯೇ ಸೂಲಗಿತ್ತಿ ಮಂಚಮ್ಮ.

"ಅದ್ನ ಕೆಳಗಿಡ್ಲಾ. ದೇವೀರಿ ಬಸುರಿ."

ಮದುವೆಯಾದಾಗಿನಿಂದ ಹರಕೆ ಹೊತ್ತೂ ಹೊತ್ತೂ ನಂಜುಂಡೇಶ್ವರನಿಗೇ ಈ ಗಂಡಹೆಂಡಿರ ಮುಖಪರಿಚಯವಾಗಿ ಹೋಗಿತ್ತು. ಚಿಕ್ಕಸ್ವಾಮಿ ಕೋವಿಯನ್ನೇ ಅವುಚಿಕೊಂಡು ಹಜಾರದಲ್ಲಿ ಒಂದು ಸುತ್ತು ಕುಣಿದ.

"ಕುಣಿದಿದ್ದು ಸಾಕು," ಎಂದಳು ಚಾಮುಂಡಮ್ಮ. "ಎಂಡ್ತಿ ಬಸುರಿ ಆದ್ಮೇಲೆ ಗಂಡ ಆದೋನು ಪ್ರಾಣ ತೆಗೀಬಾರ್ದು. ಕೂಸಿಗೆ ಆಗಾಕಿಲ್ಲ. ಎರಿಗೆ ಆಗೋಗಂಟ ಬ್ಯಾಟೆ ಮಾತೆತ್ತಬ್ಯಾಡ."

"ಕೊಲ್ಲೋದು ಗುಂಡಲ್ವಾ ಅವ್ವಾ? ನಾನು ಬರೀ ಇಡ್ಕೊಂಡಿರ್ತೀನಿ."

"ಅಂಗಂದ್ರೆ ಯಮನೂ ಅಂದಾನು, ಒತ್ಕೊಂಡು ಓಗಿದ್ದು ಕ್ವಾಣ, ನಾನು ಬರೀ ಮ್ಯಾಲೆ ಕುಂತಿದ್ದೆ ಅಂತ."

ಅಡುಗೆಮನೆಯ ಬಾಗಿಲಲ್ಲಿ ದೇವೀರಮ್ಮನ ಮುಖ ಕಾಣಿಸಿತು. ನಾಚಿಕೊಂಡೇ ಹೇಳಿದಳು: "ಅತ್ತೆ, ನಂಗೆ ಕಾಡಂದಿ ಬಾಡು ತಿನ್ನಂಗಾಗದೆ."

"ಬಸುರಿ ಬಯಕೆ ತೀರುಸ್ದಿದ್ರೆ ಕೂಸಿನ ಕಿವಿ ಸೋರ್ತದೆ ಕಣಪ್ಪಾ," ಎಂದು ಮಂಚಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟೇಹೋದಳು.

ಹಂದಿ ಕೊಂದರೆ ಕೂಸಿಗೆ ಕೇಡು, ಕೊಲ್ಲದಿದ್ದರೆ ಕೂಸಿನ ಕಿವಿಗೆ ಕೇಡು. ಇನ್ನು ಬೇರೆ ಯಾರಾದರೂ ಗುಂಡು ಹಾರಿಸಬೇಕು. ಚಿಕ್ಕಸ್ವಾಮಿ ಕೋವಿ ಹೊತ್ತು ಪಕ್ಕದ ಮನೆಯ ಜವರಯ್ಯನ ಜಗಲಿಗೆ ಹೋದ.

ಜವರಯ್ಯ ಕೋವಿಯನ್ನು ಆಸೆಯಿಂದ ಸವರಿ ನಿಟ್ಟುಸಿರಿಟ್ಟ. "ನಮ್ಮೋಳೂ ಬಸುರಿ ಕಣಣ್ಣ. ತಿಗಣೆ ಕಚ್ಚುದ್ರೂ ಮೈ ಕೊಟ್ಕೊಂಡು ಕುಂತಿವ್ನಿ."

ಗಾಡಿ ಹೊಡೆಯುವ ಬೋರಯ್ಯನೂ ತಲೆ ಕೆರೆದುಕೊಂಡ. "ನಮ್ಮನೇಲೂ ಅದೇ ಕತೆ, ಗೌಡ್ರೆ. ಈ ಸತಿ ರಾಗಿ ಚೆನ್ನಾಗಾಯ್ತಲ್ಲ."

ಹಿಂದೊಂದು ಕಾಲದಲ್ಲಿ ಹೆಸರಾಂತ ಬೇಟೆಗಾರನಾಗಿದ್ದ ಮುದುಕ ರಂಗನಾಯಕ ಮಾತ್ರ ಕೂಡಲೇ ಒಪ್ಪಿದ. "ಕೊಡಪ್ಪಾ, ಬುಡ್ತೀನಿ. ಆದ್ರೆ ಇಬ್ರು ಚಿಕ್ಕಸ್ವಾಮಿ ಬಂದಿದ್ದೀರಲ್ಲ, ಯಾರ ಕೈಯಿಂದ ಇಸ್ಕೊಳ್ಲಿ?"

ಚಿಕ್ಕಸ್ವಾಮಿ ಮುಖ ಸಣ್ಣದು ಮಾಡಿಕೊಂಡೇ ಮನೆಗೆ ತಿರುಗಿದ. ಎದೆಯೊಳಗೆ ಮಾತ್ರ ಹಬ್ಬದ ತಮಟೆ ಬಾರಿಸುತ್ತಿತ್ತು.

"ಊರಲ್ಲಿ ಒಬ್ಬ ಗಂಡ್ಸೂ ಸಿಕ್ನಿಲ್ಲ ಅವ್ವಾ. ಇನ್ನೇನ್ ಮಾಡದು, ನಾನೇ ಬುಡ್ಬೇಕು. ದ್ಯಾವ್ರಿಗೆ ತಪ್ಪುಕಾಣಿಕೆ ಕಟ್ಬುಡಾನ."

ಚಾಮುಂಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಡಿ. ನಾನೂ ಬತ್ತೀನಿ."

ಒಪ್ಪಿದಳೆಂದೇ ಅವನು ತಿಳಿದ. ತೋಟಾ ತುಂಬುವಾಗ ಅವಳು ಪಕ್ಕದಲ್ಲೇ ಕೂತು, ಇದೇನು, ಅದೇನು, ಇದನ್ನೆಳೆದರೆ ಏನಾಗುತ್ತೆ ಎಂದು ಕೇಳಿದಳು. ಅವನು ಅಂಗಡಿಯವನು ಹೇಳಿಕೊಟ್ಟದ್ದನ್ನೆಲ್ಲ ಬಲ್ಲವನಂತೆ ವಿವರಿಸಿದ.

ಹೊತ್ತು ಮುಳುಗುವ ಮುನ್ನ ಇಬ್ಬರೂ ಬದುವಿನ ಹಿಂದೆ ಕೂತರು. ಗೆಣಸಿನ ಬಳ್ಳಿ ಅಲುಗಿತು. ನೇಗಿಲಿಲ್ಲದೆ ಉಳುತ್ತ ಉಳುತ್ತ ಹಂದಿ ಬಂತು, ಹೊಲ ತನ್ನದೇ ಎಂಬ ಗತ್ತಿನಲ್ಲಿ. ಚಿಕ್ಕಸ್ವಾಮಿ ಕೋವಿಯನ್ನು ಬದುವಿಗೆ ಆನಿಸಿ, ಉಸಿರು ಕಟ್ಟಿ, ಒಂದು ಕಣ್ಣು ಮುಚ್ಚಿದ. ಈಗಲೂ ಎರಡೂ ಮುಚ್ಚಿಕೊಂಡವು. ಕಣ್ಣು ತೆರೆದಾಗ ಕೈಯಲ್ಲಿ ಕೋವಿ ಇರಲಿಲ್ಲ.

ಢಮಾರ್!

ಹೊಗೆ ಕರಗಿತು. ಅತ್ತ ಹಂದಿ ಅಡ್ಡ ಬಿದ್ದಿತ್ತು. ಇತ್ತ ಚಾಮುಂಡಮ್ಮ ಗೆಣಸಿನ ಪಾತಿಯಲ್ಲಿ ಕಾಲು ಚಾಚಿ ಕೂತಿದ್ದಳು, ಕೋವಿ ಮಡಿಲಲ್ಲಿ.

"ಅವ್ವಾ... ನಿಂಗೆ ಇದು ಬತ್ತದಾ?"

"ಕವಣೆ ಬೀಸ್ದಂಗೇಯಾ. ನೋಡ್ಬೇಕು, ಬುಡ್ಬೇಕು. ಇದು ವಸಿ ಒದೀತದೆ, ಅಷ್ಟೇಯ." ಸೆರಗು ಕೊಡವಿ ಎದ್ದಳು. "ಊರೆಲ್ಲಾ ಸುತ್ಕೊಂಡು ಬಂದ್ಯಲ್ಲ, ನನ್ನ ಕೇಳ್ದೇನ್ಲಾ? ನಾನೇನು ಬಸುರಿಯೂ ಅಲ್ಲ, ಬಸುರಿ ಗಂಡನೂ ಅಲ್ಲ."

ದೀಪ ಹಚ್ಚುವ ಹೊತ್ತಿಗೆ ಬೀದಿಯೆಲ್ಲ ಮಸಾಲೆಯ ಘಮ. ಬೇಟೆ ಹೊಡೆದವರಿಗೆ ಸಲ್ಲುವ ಹಂದಿತಲೆಯನ್ನು ಜವರಯ್ಯ, ಬೋರಯ್ಯ ಚಾಮುಂಡಮ್ಮನ ಮುಂದೆ ತಂದಿಟ್ಟು ಕೈಮುಗಿದರು. ಗೌಡನ ಪಾಲಿಗೆ ಈರುಳ್ಳಿ ಹೆಚ್ಚುವ ಕೆಲಸ ಬಂತು. ಕಣ್ಣೀರಿಗೆ ಅದರಿಂದ ಒಂದು ನೆಪವೂ ಸಿಕ್ಕಿತು.

ಊಟವಾದ ಮೇಲೆ ಅವನು ಮೆಲ್ಲಗೆ ತಾಯಿಯ ಪಕ್ಕ ಕುಕ್ಕರಿಸಿದ.

"ಅವ್ವಾ, ಒಂದ್ ಸತಿ ಕೊಡು. ಒಂದೇ ಗುಂಡು, ಆಕಾಸಕ್ಕೆ ಬುಡ್ತೀನಿ. ಯಾರ ಪ್ರಾಣಾನೂ ಓಗಾಕಿಲ್ಲ."

ಚಾಮುಂಡಮ್ಮ ಸೊಸೆಯ ಕಡೆ ತಿರುಗಿದಳು. ಮೂಳೆ ಚೀಪುತ್ತಿದ್ದ ದೇವೀರಮ್ಮ ಅತ್ತೆಯ ಕಿವಿಯಲ್ಲಿ ಏನೋ ಅಂದಳು.

"ನಾಳೀಕೆ ಮೊಲ ಬೇಕಂತೆ ಕಣ್ಲಾ," ಎಂದು ಚಾಮುಂಡಮ್ಮ ಸೆರಗಿನ ತುದಿಯಿಂದ ಕೋವಿಯ ನಳಿಗೆ ಒರೆಸಿದಳು. "ಕೊಡಾಕಿಲ್ಲ."