ಅವನ ತಲೆ, ನನ್ನ ಕತ್ತರಿ

ನೀವು ಕಟಿಂಗ್ ಶಾಪಿಗೆ ಹೋಗುತ್ತೀರಿ, ಕುರ್ಚಿಯಲ್ಲಿ ಕೂರುತ್ತೀರಿ, ತಲೆ ಒಪ್ಪಿಸಿ ಒಂದು ಸಣ್ಣ ನಿದ್ದೆಯನ್ನೂ ತೆಗೆಯುತ್ತೀರಿ. ಹಿಂದೆ ಕತ್ತರಿ ಹಿಡಿದು ನಿಂತಿದ್ದಾನಲ್ಲ, ಅವನ ತಲೆಯನ್ನು ಕತ್ತರಿಸುವವರು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ? ಇಲ್ಲ. ಯಾರೂ ಯೋಚಿಸುವುದಿಲ್ಲ. (ತಲೆಯನ್ನಲ್ಲ, ಕೂದಲನ್ನು. ಈಚೆಗಂತೂ ಯಾರಾದರೂ ತಲೆಯನ್ನೇ ಕತ್ತರಿಸಿಬಿಟ್ಟರೆ ದೊಡ್ಡ ಉಪಕಾರ ಎನ್ನಿಸುತ್ತಿದೆ.)

ನನ್ನ ತಲೆಯನ್ನು ನೋಡಿಕೊಳ್ಳುತ್ತಿದ್ದವನು ಎದುರಂಗಡಿಯ ಗುಂಗುರು. ಅವನ ತಲೆಯನ್ನು ನೋಡಿಕೊಳ್ಳುತ್ತಿದ್ದವನು ನಾನು. ಒಬ್ಬರೇ ಗುರುವಿನ ಕೈಕೆಳಗೆ ಕತ್ತರಿ ಹಿಡಿಯಲು ಕಲಿತು, ಒಂದೇ ಬೀದಿಯಲ್ಲಿ ಎದುರುಬದುರು ಅಂಗಡಿ ಇಟ್ಟವರು ನಾವು. ತಿಂಗಳಿಗೊಂದು ರಜೆಯ ದಿನ ಅವನ ಅಂಗಡಿಯ ಶಟರನ್ನು ಅರ್ಧ ಎಳೆದು, ಫ್ಲಾಸ್ಕಿನ ಟೀ ಹೀರುತ್ತಾ, ಮೊದಲು ನಾನು ಅವನಿಗೆ, ಆಮೇಲೆ ಅವನು ನನಗೆ. ಅವನದು ಹೆಸರಿಗೆ ತಕ್ಕ ಕೂದಲು. ನನ್ನದು ನೆಟ್ಟಗೆ ನಿಲ್ಲುವ ಜಾತಿ, ಜೊತೆಗೆ ಹಿಂದಲೆಯಲ್ಲಿ ಎರಡು ಸುಳಿ. (ನೋಡಿದವರೆಲ್ಲ ನನಗೆ ಎರಡನೇ ಮದುವೆಯ ಆಸೆ ತೋರಿಸಿದವರೇ. ಒಂದರಲ್ಲೇ ಎರಡರ ಅನುಭವ ಆಗಿದೆ, ಸಾಕು.) "ತಲೆ ಬಗ್ಗಿಸೋ ಜೋಡಿಸುಳಿ" ಎಂದು ಅವನು ನೆತ್ತಿಗೆ ಒಂದು ಮೊಟಕಿದರೆ ತಿಂಗಳ ದಣಿವೆಲ್ಲ ಇಳಿದುಹೋಗುತ್ತಿತ್ತು. ದಿನವಿಡೀ ಊರವರ ತಲೆ ಮುಟ್ಟುವ ನನ್ನ ತಲೆಯನ್ನು ಮುಟ್ಟುವವನು ಅವನೊಬ್ಬನೇ ಇದ್ದ.

ಹೀಗಿರಲು ಗುಂಗುರು ಒಂದು ಹೊಸ ಕುರ್ಚಿ ತಂದ. ಕಾಲಲ್ಲಿ ಒತ್ತಿದರೆ ಮೇಲೇಳುತ್ತದೆ, ಹಿಡಿ ಎಳೆದರೆ ಹಿಂದಕ್ಕೆ ಮಲಗುತ್ತದೆ. ಅದರಲ್ಲಿ ಕೂತ ತರಕಾರಿ ಅಂಗಡಿಯವನು ಸಾಕ್ಷಾತ್ ಸಿಂಹಾಸನಾಧೀಶ್ವರನಂತೆ ಬೀದಿಯನ್ನು ಅವಲೋಕಿಸುತ್ತಿದ್ದ. ನನ್ನ ಕುರ್ಚಿ ಏಳುವುದಿಲ್ಲ. ಅದರಲ್ಲಿ ಕೂತವನೇ ಎದ್ದು ಹೋಗುತ್ತಾನೆ. ನಾನು ಬಿಡುತ್ತೇನೆಯೇ? ಮೂರು ಗೋಡೆಗೂ ಕನ್ನಡಿ ಹಾಕಿಸಿದೆ. ಅವನು ಟಿವಿ ತಂದ. ನಾನು ಎರಡು ಫ್ಯಾನು ಹಾಕಿಸಿದೆ. ಕತ್ತರಿಸಿದ ಕೂದಲೆಲ್ಲ ಹಾರಿ ಗಿರಾಕಿಯ ಬಾಯಿಗೇ ಹೋಗತೊಡಗಿತು. ಆಗಲೂ ರಜೆಯ ದಿನ ಇಬ್ಬರೂ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು. ನಗು ನಿಂತದ್ದು ನನ್ನ ಮನೆಯ ಅಡುಗೆಮನೆಯಲ್ಲಿ.

"ರೀ, ಗುಂಗುರಣ್ಣನ ಅಂಗಡೀಲಿ ಬೆಂಚು ತುಂಬಿ ಜನ ಹೊರಗೂ ನಿಂತಿದಾರೆ. ನಮ್ಮಲ್ಲಿ?"

"ನಮ್ಮಲ್ಲಿ ಬೆಂಚಿಗೆ ವಿಶ್ರಾಂತಿ."

"ತಮಾಷೆ ಸಾಕು. ಅವರು ಯಾಕೆ ಅಲ್ಲಿಗೇ ಹೋಗ್ತಾರೆ ಅಂತ ಯೋಚಿಸಿದೀರಾ?"

"ಕುರ್ಚಿ ಕಣೇ."

"ಕುರ್ಚಿನೂ ಇಲ್ಲ, ಮಣ್ಣೂ ಇಲ್ಲ. ಅವರ ತಲೆ! ಎಷ್ಟು ಚೆಂದ ಇಟ್ಕೊಂಡಿರ್ತಾರೆ. ಅದನ್ನ ನೋಡಿ ಜನ ಒಳಗೆ ಹೋಗ್ತಾರೆ. ಅದನ್ನ ಕಟ್ ಮಾಡಿದ್ದು ಯಾರು?"

"ನಾನು."

"ಮತ್ತೆ! ನಿಮ್ಮ ಕೈಕೆಲಸನ ಅವರ ತಲೆ ಮೇಲೆ ಇಟ್ಟು ಗಿರಾಕಿಗಳನ್ನ ಅವರಿಗೆ ಧಾರೆ ಎರೀತಿದೀರಿ."

"ಹಾಗಾದ್ರೆ ನನ್ನ ತಲೆ ನೋಡಿ ನನ್ನ ಅಂಗಡಿಗೂ ಬರಬೇಕಲ್ವಾ? ಇದು ಅವನ ಕೈಕೆಲಸ."

ಹೆಂಡತಿ ಸೌಟು ಕೆಳಗಿಟ್ಟು ನನ್ನ ತಲೆಯನ್ನು ಒಂದು ಸುತ್ತು ನೋಡಿದಳು. "ನಾನು ಹೇಳ್ತಿರೋದೂ ಅದನ್ನೇ" ಎಂದಳು.

ಅಷ್ಟೇ. ಆ ಮಾತು ಕಿವಿಯೊಳಗೆ ಹೊಕ್ಕಿತು, ಹೊರಗೆ ಬರಲಿಲ್ಲ. ಮರುದಿನ ಅಂಗಡಿಯ ಮೂರು ಕನ್ನಡಿಗಳ ನಡುವೆ ನಿಂತು ನನ್ನ ಹಿಂದಲೆಯ ಸಮಗ್ರ ದರ್ಶನ ಮಾಡಿದೆ. ಆಹಾ, ಬಲಕ್ಕಿಂತ ಎಡ ತುಸು ಮೇಲೆ! ಅಥವಾ ನನ್ನ ಕುತ್ತಿಗೆಯೇ ಸೊಟ್ಟಗಿತ್ತೋ ಏನೋ. ಅನುಮಾನಪಡುವವನು ಕುತ್ತಿಗೆಯ ವಿಚಾರಣೆ ಮಾಡುವುದಿಲ್ಲ.

ಮುಂದಿನ ರಜೆಯ ದಿನ ಹೋದೆ. ಗುಂಗುರು ಎಂದಿನಂತೆ ಮೊದಲು ಕೂತ, ಕಣ್ಣು ಮುಚ್ಚಿದ. ಗುಂಗುರು ಕೂದಲನ್ನು ಒದ್ದೆಯಿದ್ದಾಗ ಅಳತೆ ಮೀರಿ ಕತ್ತರಿಸಬಾರದು. ಒಣಗಿದ ಮೇಲೆ ಅದು ಸುರುಳಿಕೊಂಡು ಮೇಲೆ ಹೋಗುತ್ತದೆ, ನೆತ್ತಿಯ ಚರ್ಮ ಕಾಣುತ್ತದೆ. ಇದು ನಮ್ಮ ಗುರುಗಳು ಕಲಿಸಿದ ಮೊದಲ ಪಾಠ. ನಾನು ಆ ದಿನ ಅವನ ತಲೆಗೆ ಧಾರಾಳವಾಗಿ ನೀರು ಸಿಂಪಡಿಸಿದೆ. ಹಿಂದಲೆಯ ನಟ್ಟನಡುವೆ ಕತ್ತರಿಯನ್ನು ಆಳಕ್ಕೆ ಇಳಿಸಿದೆ.

"ಲೋ, ಕುರ್ಚಿಯವನ ಹತ್ರ ಮಾತಾಡಿದೀನಿ" ಎಂದ, ಕಣ್ಣು ಮುಚ್ಚಿಕೊಂಡೇ. "ನಿಂಗೂ ಒಂದು ಇಂಥದೇ ಕೊಡ್ತಾನಂತೆ. ಒಬ್ಬನೇ ಮೇಲೆ ಕೂರೋದಕ್ಕೆ ನಂಗೆ ಬೇಜಾರು ಕಣೋ."

ನನ್ನ ಕೈ ನಿಂತಿತು. ಆದರೆ ಕೂದಲು ಆಗಲೇ ನೆಲದ ಮೇಲಿತ್ತು. ಬಿದ್ದ ಕೂದಲನ್ನು ತಿರುಗಿ ಅಂಟಿಸುವ ವಿದ್ಯೆಯನ್ನು ನಮ್ಮ ಗುರುಗಳು ಕಲಿಸಿರಲಿಲ್ಲ.

ನನ್ನ ಸರದಿ ಬಂತು. ಏರುವ ಕುರ್ಚಿಯಲ್ಲಿ ಕೂತೆ, ಅವನು ಹಿಂದೆ ನಿಂತು ಕತ್ತರಿ ಆಡಿಸತೊಡಗಿದ. ಕನ್ನಡಿಯಲ್ಲಿ ನೋಡಿದರೆ ಅವನ ತುಟಿಯಲ್ಲಿ ಸಣ್ಣ ನಗು. ಯಾಕೆ ನಗುತ್ತಿದ್ದಾನೆ? ಅಯ್ಯೋ, ಅವನಿಗೂ ಒಬ್ಬಳು ಹೆಂಡತಿ ಇದ್ದಾಳಲ್ಲ! ಅವರ ಮನೆಯಲ್ಲೂ ಅಡುಗೆಮನೆ ಇದೆಯಲ್ಲ! ಅಷ್ಟರಲ್ಲಿ ಕತ್ತರಿಯ ತಣ್ಣನೆಯ ತುದಿ ಕಿವಿಯ ಹಿಂದೆ ತಾಗಿತು. ನಾನು ಬೆಚ್ಚಿ ತಲೆ ಎಳೆದೆ. ಕಚಕ್ ಎಂದಿತು, ಒಂದು ಹಿಡಿ ಕೂದಲು ಮಡಿಲಿಗೆ ಬಿತ್ತು.

"ಬೇಕಂತಲೇ ಮಾಡ್ದೆ!" ಎಂದು ಕಿರುಚಿದೆ.

"ಏನೋ ಬೇಕಂತ? ನೀನೇ ತಲೆ ಎಳೆದೆಯಲ್ಲೋ!"

"ನಂಗೇನೂ ಗೊತ್ತಾಗಲ್ಲ ಅಂದ್ಕೊಂಡ್ಯಾ? ಎದುರಂಗಡಿಯವನ ತಲೆ ಕೆಡಿಸಿದ್ರೆ ಗಿರಾಕಿ ಇತ್ತ ಬರ್ತಾರೆ. ಹಿಂದಲೆ ಆದ್ರೆ ಅವನಿಗೆ ಕಾಣಲ್ಲ. ಇದೇ ತಾನೇ ನಿನ್ನ ಲೆಕ್ಕ?"

ಅವನು ಬಿಟ್ಟ ಬಾಯಿ ಬಿಟ್ಟಂತೆ ನಿಂತ. "ನಂಗೆ ಇದೆಲ್ಲ ಹೊಳೆದೇ ಇರಲಿಲ್ಲ. ನಿಂಗೆ ಹೇಗೋ ಹೊಳೀತು?" ಎಂದ. ಹಾಗೆನ್ನುತ್ತಲೇ ಅವನ ಎಡಗೈ ಮೆಲ್ಲಗೆ ತನ್ನದೇ ಹಿಂದಲೆಗೆ ಹೋಯಿತು. ಕೂದಲು ಅಷ್ಟರಲ್ಲಿ ಒಣಗಿತ್ತು. ಬೆರಳುಗಳು ತಡಕುತ್ತಾ ಹೋಗಿ ನಟ್ಟನಡುವೆ ನಿಂತವು. ಅವನಿಗೆ ಕನ್ನಡಿ ಬೇಕಾಗಲಿಲ್ಲ.

ಅವನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಾನೂ ತಿರುಗಿ ಬೈದು, ಇಬ್ಬರೂ ಜುಟ್ಟು ಹಿಡಿದು ಜಗಳವಾಡಿ, ಸಂಜೆಗೆ ಟೀ ಕುಡಿಯಬಹುದಿತ್ತು. ಆ ಪುಣ್ಯಾತ್ಮ ಬೈಯಲಿಲ್ಲ. ಮತ್ತೆ ಕತ್ತರಿ ಎತ್ತಿಕೊಂಡ. ನಾನು ಕೆಡಿಸಿಕೊಂಡ ಜಾಗವನ್ನು ಅಕ್ಕಪಕ್ಕದ ಕೂದಲಲ್ಲಿ ಬೆರೆಸಿ, ತಿದ್ದಿ, ಕುತ್ತಿಗೆಗೆ ಪೌಡರ್ ಹಚ್ಚಿ, ಹೊದಿಸಿದ ಬಟ್ಟೆ ತೆಗೆದು ಕೊಡವಿದ. "ಆಯ್ತು, ಏಳು" ಎಂದ. ಹೋಗಿ ಶಟರನ್ನು ಪೂರ್ತಿ ಎತ್ತಿದ. ನನಗೆ ಬೀದಿ ಕಾಣಿಸಿತು.

ಮನೆಯಲ್ಲಿ ಹೆಂಡತಿ ಕೆನ್ನೆಗೆ ಕೈ ಇಟ್ಟುಕೊಂಡಳು. "ಅಬ್ಬಾ, ಈ ಸಲ ಎಷ್ಟು ಚೆನ್ನಾಗಿ ಬಂದಿದೆ ರೀ!" ನಿಜವಾಗಿಯೂ ಜನ ನನ್ನ ತಲೆ ನೋಡಿ ನನ್ನ ಅಂಗಡಿಗೆ ಬಂದರು. ಎದುರುಗಡೆ ಗುಂಗುರು ಟೋಪಿ ಹಾಕಿಕೊಂಡು ಕೆಲಸ ಮಾಡುತ್ತಿದ್ದ. ನಾನು ಗೆದ್ದಿದ್ದೆ. ಅಷ್ಟು ದರಿದ್ರ ಗೆಲುವನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ. (ಶತ್ರು ಅಂತ ನನಗೆ ಯಾರೂ ಇರಲಿಲ್ಲ, ಅದು ಬೇರೆ ಮಾತು.)

ಆದರೆ ಕೂದಲು ಬೆಳೆಯುತ್ತದೆ. ಎರಡು ಸುಳಿಗಳೂ ಎರಡು ದಿಕ್ಕಿಗೆ ಹೊರಟವು. ರಜೆಯ ದಿನ ಹೋಗಿ ನೋಡಿದರೆ ಅವನ ಶಟರಿಗೆ ಬೀಗ. ಬೀದಿಯಲ್ಲಿ ಸಿಕ್ಕಾಗ ಹಲ್ಲು ಕಿರಿದೆ. ಅವನು ನನ್ನ ಹಿಂದಿದ್ದ ಕರೆಂಟು ಕಂಬವನ್ನು ನೋಡಿಕೊಂಡು ಹೋದ. ಕೊನೆಗೆ ಹೆಂಡತಿಯೇ ಕತ್ತರಿ ಹಿಡಿದಳು. "ಅಲ್ಲಾಡ್ಬೇಡಿ... ಅಯ್ಯೋ, ಇಲ್ಲಿ ಸ್ವಲ್ಪ ಜಾಸ್ತಿ ಆಯ್ತು... ತಾಳಿ, ಆ ಕಡೆನೂ ಸರಿ ಮಾಡ್ತೀನಿ... ಈಗ ಆ ಕಡೆ ಜಾಸ್ತಿ ಆಯ್ತು." ನ್ಯಾಯ ಎರಡೂ ಕಡೆ ಸಮವಾಗುವ ಹೊತ್ತಿಗೆ ಕಿವಿಗಳು ಮಾತ್ರ ಉಳಿದಿದ್ದವು. ನಡುವೆ ಜುಟ್ಟು ಹಾಗೇ ನಿಂತಿತ್ತು.

"ಹೋಗಿ ಅವರ ಕೈಕಾಲು ಹಿಡ್ಕೊಳ್ಳಿ" ಎಂದಳು.

"ಇದೆಲ್ಲ ನಿನ್ನಿಂದಲೇ ಆಗಿದ್ದು!"

"ನಾನು ಯೋಚನೆ ಮಾಡಿ ಅಂದೆ. ಕತ್ತರಿಸಿ ಅಂದ್ನಾ?"

ಮರುದಿನ, ಹಾಡಹಗಲು, ನನ್ನ ಬೆಂಚಿನಲ್ಲಿ ಕಾಯುತ್ತಿದ್ದ ನಿವೃತ್ತ ಹೆಡ್‌ಮಾಸ್ತರಿಗೆ "ಈಗ ಬಂದೆ ಸಾರ್" ಎಂದು ಹೇಳಿ ಬೀದಿ ದಾಟಿದೆ. ಗುಂಗುರುವಿನ ಬೆಂಚಿನಲ್ಲಿ ಸರದಿಗಾಗಿ ಕೂತೆ. ಅವನ ಕೂದಲು ಈಗ ಕಿವಿ ಮುಚ್ಚುವಷ್ಟು ಬೆಳೆದಿತ್ತು. ಯಾರ ಕೈಗೂ ಕೊಟ್ಟಿರಲಿಲ್ಲ. ಕುರ್ಚಿ ಖಾಲಿಯಾಯಿತು. ಬೈಯಲಿ, ಒದೆಯಲಿ, ಹೊರಗೆ ದಬ್ಬಲಿ, ಏನು ಬೇಕಾದರೂ ಆಗಲಿ ಎಂದು ಎದ್ದು ನಿಂತೆ.

"ಬನ್ನಿ ಸಾರ್, ಕೂತ್ಕೊಳ್ಳಿ" ಎಂದ.

ಜೋಡಿಸುಳಿ ಅಲ್ಲ, ಸಾರ್! ಕೂತೆ. ಶುಭ್ರವಾದ ಬಟ್ಟೆ ಹೊದಿಸಿದ. "ಯಾವ ಥರ ಕಟ್ ಮಾಡಲಿ ಸಾರ್?" ಎಂದು ಕೇಳಿದ.

"ಗುಂಗುರು, ತಪ್ಪಾಯ್ತು ಕಣೋ."

"ತಲೆ ಸ್ವಲ್ಪ ಬಗ್ಗಿಸಿ ಸಾರ್."

ಬಗ್ಗಿಸಿದೆ. ಮೊಟಕು ಬೀಳಲಿಲ್ಲ. ಹೆಂಡತಿಯ ಘನಕಾರ್ಯವನ್ನೆಲ್ಲ ತಿದ್ದಿ ತೀಡಿ ಮನುಷ್ಯನ ರೂಪಕ್ಕೆ ತಂದ. "ನಿಂದೂ ಒಂದ್ಸಲ ನನ್ನ ಕೈಗೆ ಕೊಡೋ, ಕಾಲಿಗೆ ಬೀಳ್ತೀನಿ" ಎಂದೆ. "ಪರವಾಗಿಲ್ಲ ಸಾರ್, ಬೆಳೆಸ್ತಾ ಇದೀನಿ" ಎಂದ. ಆಮೇಲೆ ನೆತ್ತಿಯ ಮೇಲೆ ಎರಡೂ ಕೈ ಇಟ್ಟು ಹಿತವಾಗಿ ಒತ್ತತೊಡಗಿದ.

"ಇದು ಯಾಕೆ?"

"ಮೊದಲ ಸಲ ಬಂದಿದೀರಲ್ಲ ಸಾರ್. ಹೊಸ ಗಿರಾಕಿಗಳಿಗೆ ಮಸಾಜ್ ಫ್ರೀ."

ನನಗೆ ತಡೆಯಲಾಗಲಿಲ್ಲ, ಬಟ್ಟೆಯೊಳಗೇ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ಹೊರಗೆ ಬಂದರೆ ಎದುರಿಗೆ ಹೆಡ್‌ಮಾಸ್ತರರು ಬೀದಿ ದಾಟಿ ಬರುತ್ತಿದ್ದಾರೆ. "ಎಲ್ಲಿಗೆ ಸಾರ್?" ಎಂದೆ. "ನೀವೇ ಇಲ್ಲಿ ಬಂದು ಮಾಡಿಸ್ಕೊಳ್ತೀರಿ ಅಂದ್ಮೇಲೆ ನಾನು ಅಲ್ಲಿ ಯಾಕಪ್ಪಾ ಕೂತಿರಲಿ?" ಎಂದು ಒಳಗೆ ನಡೆದರು. ಸುದ್ದಿ ಸಂಜೆಯೊಳಗೆ ಬೀದಿ ಮುಗಿಸಿತು. ಈಗ ಎದುರಿಗೆ ಎರಡನೇ ಬೆಂಚು ಬಂದಿದೆ. ನನ್ನ ಮೂರು ಕನ್ನಡಿಗಳಲ್ಲಿ ನಾನೊಬ್ಬನೇ ಮೂರು ಜನ ಆಗಿ ಕೂತಿರುತ್ತೇನೆ.

ಇವತ್ತು ಬೆಳಗ್ಗೆ ನೆತ್ತಿಗೆ ಎಣ್ಣೆ ತಿಕ್ಕುತ್ತಿದ್ದೆ. ಹೆಂಡತಿ ಬಾಟಲಿ ಎತ್ತಿ ನೋಡಿದಳು.

"ಕೂದಲು ಬೇಗ ಬೆಳೆಯೋ ಎಣ್ಣೆ? ಮೊನ್ನೆ ತಾನೇ ಕಟಿಂಗ್ ಆಯ್ತಲ್ಲ, ಇಷ್ಟು ಬೇಗ ಬೆಳೆಸಿ ಏನ್ ಮಾಡ್ತೀರಿ?"

"ಅವನ ಅಂಗಡಿಗೆ ಹೋಗ್ತೀನಿ ಕಣೇ" ಎಂದೆ. "ಗಿರಾಕಿ ಅಂದ್ಮೇಲೆ ತಲೆ ಮುಟ್ಟಲೇಬೇಕಲ್ವಾ?"