ಗಂಡ, ಹೆಂಡತಿ ಮತ್ತು ಎರಡನೇ ಲಾರಿ

ಒಂದೇ ಕ್ಯಾಬಿನ್ನಿನಲ್ಲಿ ಗಂಡ ಹೆಂಡತಿ ದಿನವಿಡೀ ಕೂತರೆ ಏನಾದರೊಂದು ಆಗುತ್ತಲೇ ಇರುತ್ತದೆ. ಏನೂ ಆಗದ ದಿನ ಲಾರಿ ಗ್ಯಾರೇಜಿನಲ್ಲಿರುತ್ತದೆ.

ನಾವು ದೋಹಾದ ಬಕಾಲಗಳಿಗೆ, ಅಂದರೆ ಮೂಲೆ ಮೂಲೆಯ ಕಿರಾಣಿ ಅಂಗಡಿಗಳಿಗೆ, ಮೊಸರು, ಲಬನ್, ಮೊಟ್ಟೆ ಹಾಕುತ್ತಿದ್ದ ಕಾಲದ ಮಾತು. ಲಬನ್ ಎಂದರೆ ನಮ್ಮ ಮಜ್ಜಿಗೆಯೇ, ಉಪ್ಪು ಶುಂಠಿ ಕಾಣದ್ದು. ಲಾರಿ ಎಂದರೂ ದೊಡ್ಡದೇನಲ್ಲ. ಬೆನ್ನ ಮೇಲೆ ತಣ್ಣನೆಯ ಪೆಟ್ಟಿಗೆ ಹೊತ್ತದ್ದು, ಸಾಮಾನ್ಯ ಲೈಸೆನ್ಸಿನಲ್ಲೇ ಓಡಿಸಬಹುದಾದದ್ದು. ಓಡಿಸುತ್ತಿದ್ದವರು ನನ್ನ ಗಂಡ. ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದವಳು ನಾನು, ಅರ್ಥಶಾಸ್ತ್ರದ ಎಂ.ಎ. ಕಾಗದದ ಪ್ರಕಾರ ಕಂಪನಿಯ ಸೆಕ್ರೆಟರಿ.

ವ್ಯಾಪಾರ ಇದ್ದದ್ದು ನಮ್ಮ ಕಫೀಲರ, ಅಂದರೆ ನಮಗೆ ವೀಸಾ ಕೊಡಿಸಿದ ಸ್ಥಳೀಯ ಮಾಲೀಕರ, ಹೆಸರಿನಲ್ಲಿ. ವಯಸ್ಸಾದ ಕತಾರಿ, ಕಡಿಮೆ ಮಾತಿನವರು. ಒಂದು ದಿನ ಕರೆದು ಹೇಳಿದರು, "ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪುಗಳ ಅಡುಗೆಮನೆಯವರೂ ಮೊಸರು ಕೇಳುತ್ತಿದ್ದಾರೆ. ಮದಾಮ್ ಲೈಸೆನ್ಸ್ ತೆಗೆಯಲಿ. ಇಬ್ಬರೂ ಬೇರೆ ಬೇರೆ ಓಡಿಸುವುದಾದರೆ ಇನ್ನೊಂದು ಲಾರಿ ಕೊಡುತ್ತೇನೆ. ಒಂದರಲ್ಲೇ ಕೂತು ಪಾಳಿಯಲ್ಲಿ ಓಡಿಸುವುದಾದರೆ ಆ ಲಾರಿಯೂ ಕ್ಯಾಂಪಿನ ವ್ಯಾಪಾರವೂ ನನ್ನ ತಮ್ಮನ ಮಗನಿಗೆ. ಯೋಚನೆ ಮಾಡಿ."

ನನಗೆ ಆ ಲಾರಿ ಬೇಕಿತ್ತು. ಗಂಡನಿಗೆ ಬೇಡವಾಗಿತ್ತು.

"ಒಟ್ಟಿಗೆ ಇದ್ರೆ ಒಬ್ಬರಿಗೆ ಒಬ್ಬರು ಆಗ್ತದೆ ಮಾರಾಯ್ತಿ," ಎಂದರು. ಯಾರಿಗೆ ಯಾರು ಎಂದು ಬಿಡಿಸಿ ಹೇಳಲಿಲ್ಲ.

ಪಕ್ಕದ ಸೀಟಿನ ಕೆಲಸ

ದೋಹಾದಲ್ಲಿ ಆಗ ವಿಳಾಸ ಎಂಬುದನ್ನು ಯಾರೂ ಬಳಸುತ್ತಿರಲಿಲ್ಲ. ಅಂಗಡಿಯವರು ಫೋನಿನಲ್ಲಿ ಹೇಳುತ್ತಿದ್ದದ್ದು ಹೀಗೆ: "ರೌಂಡಬೌಟಿನಲ್ಲಿ ಮೂರನೇ ಎಕ್ಸಿಟ್, ಮೊದಲು ಲಾಂಡ್ರಿ ಇದ್ದ ಜಾಗ, ಈಗ ಇಲ್ಲ, ಅದರ ಹಿಂದೆ." ಇಲ್ಲದ ಲಾಂಡ್ರಿಯನ್ನು ನೆನಪಿಟ್ಟುಕೊಳ್ಳುವುದು ನನ್ನ ಕೆಲಸ. ನನ್ನ ಗಂಡ ಇಂಜಿನ್ನಿನ ಸದ್ದು ಕೇಳಿ ಯಾವ ಬೆಲ್ಟ್ ಸಡಿಲವಾಗಿದೆ ಎಂದು ಹೇಳಬಲ್ಲರು. ನಿನ್ನೆ ಹೋದ ಅಂಗಡಿ ಎಲ್ಲಿತ್ತು ಎಂದು ಹೇಳಲಾರರು.

ಒಮ್ಮೆ ಒಂದು ರೌಂಡಬೌಟಿನಲ್ಲಿ ನಮಗೆ ಭಿನ್ನಾಭಿಪ್ರಾಯ ಬಂತು. ತೀರ್ಮಾನ ಆಗುವವರೆಗೆ ಲಾರಿ ಸುತ್ತುತ್ತಲೇ ಇತ್ತು. ಬದಿಯಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸ್ ಮೊದಲು ನೋಡಿದ, ಆಮೇಲೆ ಕನ್ನಡಕ ತೆಗೆದು ನೋಡಿದ, ಕೊನೆಗೆ ಕೈ ತೋರಿಸಿ ನಿಲ್ಲಿಸಿದ.

"ಏನು ಸಮಸ್ಯೆ?"

"ಹೆಂಡತಿ ಮೂರನೇ ಎಕ್ಸಿಟ್ ಅಂತಾಳೆ," ಎಂದರು ಗಂಡ. "ಅವಳು ತೋರಿಸೋದು ಎರಡನೇದು."

"ಅಲ್ಲ, ಅದೇ ಮೂರನೇದು," ಎಂದೆ.

ಪೊಲೀಸ್ ಎಕ್ಸಿಟ್‌ಗಳ ಕಡೆಗೆ ಬೆರಳು ಮಾಡಿ ಎಣಿಸಲು ಹೊರಟವನು ಅರ್ಧಕ್ಕೆ ನಿಲ್ಲಿಸಿದ. "ಇಷ್ಟು ಸುತ್ತು ಹಾಕಿದ ಮೇಲೆ," ಎಂದು ಕೇಳಿದ, "ನೀವಿಬ್ಬರೂ ಎಲ್ಲಿಂದ ಎಣಿಸುತ್ತಿದ್ದೀರಿ?"

ಆ ಪ್ರಶ್ನೆ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಅನುಭವಿಗಳ ಮಾತು

ಒಂದು ಲಾರಿಯಲ್ಲಿ ಇಬ್ಬರು ಡ್ರೈವರುಗಳು ನಿಜಕ್ಕೂ ಹೇಗೆ ಬದುಕುತ್ತಾರೆ ಎಂದು ತಿಳಿಯುವ ಕುತೂಹಲ ನನಗಿತ್ತು. ಬಿನ್ ಮಹಮೂದ್ ಬಡಾವಣೆಯ ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಬ್ಯಾಚುಲರುಗಳ ಜೊತೆ ಒಬ್ಬ ಬ್ಯಾರಿ ಹುಡುಗ ಇದ್ದ, ಉಳ್ಳಾಲದ ಕಡೆಯವನು. ಗಡಿ ದಾಟಿ ಸೌದಿಗೆ ಹೋಗುವ ಟ್ರೇಲರ್ ಓಡಿಸುತ್ತಿದ್ದ. ಜೊತೆಗೆ ಇನ್ನೊಬ್ಬ ಡ್ರೈವರ್. ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದೆ ಮಲಗುವ ಪದ್ಧತಿ.

"ಜಗಳ ಆಗುವುದಿಲ್ವಾ?" ಎಂದು ಕೇಳಿದೆ.

"ಇಲ್ಲ ಅಕ್ಕಾ. ಆರು ವರ್ಷ ಆಯ್ತು, ಒಂದು ದಿನ ಮಾತಿಗೆ ಮಾತು ಬೆಳೆದದ್ದಿಲ್ಲ."

ಗಂಡ ನನ್ನ ಕಡೆ ನೋಡಿದರು. "ಕೇಳಿದ್ಯಾ?"

"ಅವನು ಎಂಥ ಮನುಷ್ಯ?" ನಾನು ಬಿಡಲಿಲ್ಲ.

ಹುಡುಗ ಸ್ವಲ್ಪ ಯೋಚಿಸಿದ. "ಒಳ್ಳೆ ಜನ ಅಕ್ಕಾ. ಎದ್ದಿರೋವಾಗ ಹೇಗೋ ಗೊತ್ತಿಲ್ಲ."

ಲೈಸೆನ್ಸ್

ನನಗೆ ಮೊದಲು ಡ್ರೈವಿಂಗ್ ಕಲಿಸಿದವರು ಗಂಡ. ಅವರ ವಿಧಾನ ಸರಳ. ಸರಿ ಇದ್ದಾಗ ಏನೂ ಹೇಳುತ್ತಿರಲಿಲ್ಲ. ತಪ್ಪಾದಾಗ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಉಸಿರು ಒಳಗೆ ಎಳೆಯುತ್ತಿದ್ದರು.

ಆಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಅಲ್ಲಿಯ ಮೇಡಂ ಎರಡನೇ ದಿನ ಕೇಳಿದರು, "ಪ್ರತಿ ತಿರುವಿನಲ್ಲೂ ರಸ್ತೆ ಬಿಟ್ಟು ನನ್ನ ಮುಖ ಯಾಕೆ ನೋಡುತ್ತೀ?"

"ನೀವು ಉಸಿರು ಎಳೆಯುತ್ತೀರಾ ಅಂತ."

"ನಾನು ಉಸಿರಾಡಬಾರದೇ?" ಎಂದರು ಆ ಪುಣ್ಯಾತ್ಗಿತ್ತಿ.

ಪರೀಕ್ಷೆಯ ದಿನ ಪಕ್ಕದಲ್ಲಿ ಕೂತ ಅಧಿಕಾರಿ ಮಾತೇ ಆಡಲಿಲ್ಲ. ಅಷ್ಟು ಹೊತ್ತಿನ ಮೌನ ನನಗೆ ಅಭ್ಯಾಸವಿಲ್ಲ. ಏನೋ ದೊಡ್ಡ ತಪ್ಪಾಗಿರಬೇಕು ಎಂದು ರಸ್ತೆ ಮಧ್ಯೆ ಗಾಡಿ ನಿಲ್ಲಿಸಿದೆ. "ಯಾಕೆ ನಿಲ್ಲಿಸಿದ್ದು?" "ನೀವು ಏನೂ ಹೇಳಲಿಲ್ಲ." ಅವರು ಏನೋ ಬರೆದುಕೊಂಡರು. ಫೇಲ್.

ಗಂಡ ಸಮಾಧಾನ ಹೇಳಿದರು. ಹೇಳುವಾಗ ಮುಖದಲ್ಲಿ ಇದ್ದದ್ದು ಸಮಾಧಾನವೇ, ಆದರೆ ಅವರದ್ದು. "ಬಿಡು, ಒಟ್ಟಿಗೇ ಹೋಗುವ."

ಎರಡನೇ ಸಲ ಪಾಸಾದೆ. ಪಕ್ಕದ ಅಧಿಕಾರಿ ಸೌದಿ ಟ್ರೇಲರಿನ ಆ ಇನ್ನೊಬ್ಬ ಡ್ರೈವರ್, ಮಲಗಿದ್ದಾನೆ ಎಂದುಕೊಂಡು ಓಡಿಸಿದೆ. ಬಹಳ ಒಳ್ಳೆ ಜನ.

ಬರಲಿ, ಬರಲಿ

ಕಫೀಲರು ಎರಡನೇ ಲಾರಿಯನ್ನು ಒಂದು ವಾರದ ಮಟ್ಟಿಗೆ ಕೊಟ್ಟರು. ವಾರವಿಡೀ ಇಬ್ಬರ ಮೊಸರೂ ಹೊತ್ತಿಗೆ ಸರಿಯಾಗಿ ತಲುಪಿದರೆ ಲಾರಿ ನಮಗೆ. ಇಲ್ಲವಾದರೆ ತಮ್ಮನ ಮಗನಿಗೆ.

ಕೆಲಸ ಹಂಚಿದವರು ಗಂಡ. "ಪೇಟೆ ಕಷ್ಟ, ಅದು ನನಗಿರಲಿ. ಇಂಡಸ್ಟ್ರಿಯಲ್ ಏರಿಯಾದಲ್ಲಿ ರಸ್ತೆಗಳಿಗೆಲ್ಲ ನಂಬರ್ ಉಂಟು. ನಿನಗೆ ಸುಲಭ." ಉದಾರವಾಗಿಯೇ ಹೇಳಿದರು.

ಮೊದಲ ಕ್ಯಾಂಪಿನಲ್ಲಿ ಲಾರಿಯನ್ನು ಅಡುಗೆಮನೆಯ ಬಾಗಿಲಿಗೆ ರಿವರ್ಸ್ ತೆಗೆದುಕೊಂಡು ಹೋಗಬೇಕಿತ್ತು. ಸ್ಟಿಯರಿಂಗಿನಲ್ಲಿ ಹೆಂಗಸು ಎಂದು ಸುದ್ದಿಯಾದದ್ದೇ ತಡ, ರಾತ್ರಿ ಪಾಳಿ ಮುಗಿಸಿ ಮಲಗಿದ್ದವರೆಲ್ಲ ಎದ್ದು ಬಂದರು. ಯಾರೂ ನಗಲಿಲ್ಲ. ಎಲ್ಲರೂ ಸಹಾಯ ಮಾಡಿದರು. ಅದೇ ತೊಂದರೆಯಾದದ್ದು. ಬಿಹಾರದವರು "ಆನೇ ದೋ, ಆನೇ ದೋ" ಎಂದರು. ಆಂಧ್ರದವರು "ರಾನಿವ್ವು" ಎಂದರು. ಮಲಯಾಳಿಗಳು "ಪೋರಟ್ಟೆ" ಎಂದರು. ಎಲ್ಲ ಭಾಷೆಗಳಲ್ಲೂ "ಬರಲಿ" ಇತ್ತು. "ಸಾಕು" ಯಾವ ಭಾಷೆಯಲ್ಲೂ ಇರಲಿಲ್ಲ.

ಬಟ್ಟೆ ಒಣಹಾಕಿದ ಹಗ್ಗ ತಾಗಿದಾಗ ನನಗೆ ಗೊತ್ತಾಗಲಿಲ್ಲ. ಮುಂದಿನ ಕ್ಯಾಂಪಿಗೆ ನಾನು ಯಾರದೋ ಲುಂಗಿ ಹಾರಿಸಿಕೊಂಡು ಹೋದೆ.

ಮರುದಿನ ಲುಂಗಿ ಮಡಚಿ ತಂದುಕೊಟ್ಟೆ. ಅಷ್ಟರಲ್ಲಿ ಅವರು ನೆಲಕ್ಕೆ ಸುಣ್ಣದ ಗೆರೆ ಎಳೆದು, "ಸ್ಟಾಪ್" ಎನ್ನುವುದಕ್ಕೆಂದೇ ಒಬ್ಬನನ್ನು ನೇಮಿಸಿದ್ದರು. ಲುಂಗಿಯ ಯಜಮಾನನನ್ನೇ. ನಾನು ಗೇಟಿನ ಹೊರಗಿರುವಾಗಲೇ ಅವನು ಹೇಳಲು ಶುರುಮಾಡಿದ.

ಫೋನು ನಿಂತದ್ದು

ಮೊದಲೆರಡು ದಿನ ಗಂಡನ ಫೋನು ಬಿಡುವಿಲ್ಲದೆ ಬರುತ್ತಿತ್ತು. ನಾನು ಲಾರಿ ಬದಿಗೆ ಹಾಕಿ ಎತ್ತುತ್ತಿದ್ದೆ.

"ಎಲ್ಲಿದ್ದೀರಿ?"

"ರೌಂಡಬೌಟಿನಲ್ಲಿ."

"ಯಾವುದು?"

"ಉರುಟು ಉಂಟು, ಗುಂಡಗೆ."

"ನಡುವಿನಲ್ಲಿ ಎಂತ ಕಾಣ್ತದೆ?"

"ಹುಲ್ಲು."

ದೋಹಾದ ಅರ್ಧಕ್ಕರ್ಧ ರೌಂಡಬೌಟುಗಳ ನಡುವೆ ಹುಲ್ಲಿತ್ತು. ಹೀಗೆ ಮಾತಾಡುತ್ತಾ ನನ್ನ ಕ್ಯಾಂಪುಗಳಿಗೆ ತಡವಾಗತೊಡಗಿತು. ಎರಡನೇ ದಿನ ಒಂದು ಅಡುಗೆಮನೆಯವರು ಕಫೀಲರಿಗೆ ಫೋನ್ ಮಾಡುವುದಾಗಿ ಹೇಳಿದರು. ಸಂಜೆ ಅದನ್ನು ಗಂಡನಿಗೆ ತಿಳಿಸಿದೆ.

ಮೂರನೇ ದಿನ ಫೋನು ಬರಲಿಲ್ಲ. ನಾಲ್ಕನೇ ದಿನವೂ ಇಲ್ಲ. ಅಂಗಡಿಗಳಿಗೆ ಮಾತ್ರ ಮೊಸರು ಹೊತ್ತಿಗೆ ಮುಂಚೆಯೇ ತಲುಪುತ್ತಿತ್ತು.

"ದಾರಿ ಹೇಗೆ ಸಿಗ್ತದೆ ಈಗ?" ಎಂದು ಕೇಳಿದೆ.

"ಅಭ್ಯಾಸ," ಎಂದರು.

ನಾನು ಓದಿದವಳು. ಒಂದು ಅಂಶವನ್ನು ತೆಗೆದಾಗ ಫಲಿತಾಂಶ ಸುಧಾರಿಸಿದರೆ ಸಮಸ್ಯೆ ಆ ಅಂಶದಲ್ಲಿಯೇ ಇತ್ತು ಎಂದು ಗೊತ್ತು. ತೆಗೆದ ಅಂಶ ನಾನು. ಇಷ್ಟು ವರ್ಷ ಅವರು ದಾರಿ ತಪ್ಪಿದ್ದು ನಾನು ಹೇಳಿಕೊಟ್ಟದ್ದರಿಂದಲೇ? ಬೇರೆ ಬೇರೆ ಓಡಿಸಬೇಕೆಂಬ ನನ್ನ ವಾದಕ್ಕೆ ಇಷ್ಟು ಒಳ್ಳೆ ಪುರಾವೆ ಸಿಕ್ಕಿದ್ದು ನನಗೆ ಇಷ್ಟವಾಗಲಿಲ್ಲ.

ನಮ್ಮ ಬೀದಿಯ ಬಕಾಲದ ಮಲಯಾಳಿಯನ್ನು ವಿಚಾರಿಸಿದೆ. "ನಮ್ಮವರು ಹೇಗೆ ಬರ್ತಾರೆ?"

"ಜೋರಾಗಿ ಬರ್ತಾರೆ ಚೇಚಿ," ಎಂದ. "ಮಂತ್ರಿಗಳು ಬಂದ ಹಾಗೆ."

ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಗು ತಡೆದುಕೊಂಡು ಮೊಟ್ಟೆ ಜೋಡಿಸತೊಡಗಿದ.

ಕಫೀಲರ ಕಾಫಿ

ವಾರ ಮುಗಿದ ಮಧ್ಯಾಹ್ನ ಇಬ್ಬರೂ ಕಫೀಲರ ಆಫೀಸಿಗೆ ಹೋಗಬೇಕಿತ್ತು. ನಾನು ಕ್ಯಾಂಪಿನಿಂದ ನೇರವಾಗಿ ಬಂದು ಗೇಟಿನಲ್ಲಿ ಕಾಯುತ್ತಿದ್ದೆ. ತಿರುವಿನಲ್ಲಿ ಕಿತ್ತಳೆ ಬಣ್ಣದ ಒಂದು ಹಳೇ ಟ್ಯಾಕ್ಸಿ ಕಾಣಿಸಿತು. ಅದರ ಹಿಂದೆಯೇ ನಮ್ಮ ಲಾರಿ. ಟ್ಯಾಕ್ಸಿ ಇಂಡಿಕೇಟರ್ ಹಾಕಿತು, ಲಾರಿ ಹಾಕಿತು. ಟ್ಯಾಕ್ಸಿ ನಿಂತಿತು, ಲಾರಿ ನಿಂತಿತು. ಟ್ಯಾಕ್ಸಿಯಿಂದ ಗಡ್ಡದ ಪಠಾಣನೊಬ್ಬ ಇಳಿದು, ನನ್ನನ್ನು ಬಾಜಿ, ಅಂದರೆ ಅಕ್ಕ, ಎಂದು ಕರೆದು ಸಲಾಂ ಹೇಳಿ, ನಮ್ಮ ಜೊತೆಗೇ ಒಳಗೆ ಬಂದ.

"ಯಾರು ಇದು?" ಎಂದು ತುಳುವಿನಲ್ಲಿ ಕೇಳಿದೆ.

"ಆಮೇಲೆ ಹೇಳ್ತೇನೆ."

ಕಫೀಲರ ಆಫೀಸಿನಲ್ಲಿ ಒಂದು ಕ್ರಮವಿತ್ತು. ಬಂದವರು ಯಾರೇ ಆಗಲಿ, ಮೊದಲು ಕಾಫಿ. ಕಾಫಿ ಮುಗಿಯದೆ ಯಾರನ್ನೂ ಏನೂ ಕೇಳುವಂತಿಲ್ಲ. ಸಾಕು ಎಂದು ಪುಟ್ಟ ಬಟ್ಟಲನ್ನು ಅಲ್ಲಾಡಿಸುವವರೆಗೆ ಸುರಿಯುತ್ತಲೇ ಇರುತ್ತಾರೆ. ನನ್ನ ಗಂಡ ಅವತ್ತು ಬಟ್ಟಲು ಅಲ್ಲಾಡಿಸಲೇ ಇಲ್ಲ. ಕಾಫಿ ಅವರಿಗೆ ಸೇರುವುದಿಲ್ಲ. ಆದರೂ ಕುಡಿದರು. ಕುಡಿಯುತ್ತಲೇ ಇದ್ದರು. ಕೊನೆಗೆ ಕಾಫಿ ಪಾತ್ರೆಯೇ ಖಾಲಿಯಾಯಿತು.

"ಹೇಗಾಯಿತು?" ಎಂದರು ಕಫೀಲರು.

"ಬೇರೆ ಬೇರೆ ಓಡಿಸುವುದೇ ಒಳ್ಳೆಯದು," ಎಂದರು ಗಂಡ. "ಪೇಟೆಯನ್ನೆಲ್ಲ ನಾನೊಬ್ಬನೇ ಮುಗಿಸಿದೆ."

ಕಫೀಲರು ತಲೆಯಾಡಿಸಿ, ಮರ್ಯಾದೆಗೆಂದು ಪಠಾಣನ ಕಡೆ ತಿರುಗಿದರು. "ನಿನ್ನ ಕೆಲಸ ಏನು?"

"ಮೊಸರು," ಎಂದ ಅವನು ಹೆಮ್ಮೆಯಿಂದ. "ನಾನು ಮುಂದೆ ಹೋಗುತ್ತೇನೆ. ಇವರು ಹಿಂದೆ ಬರುತ್ತಾರೆ."

ಕಫೀಲರು ನನ್ನನ್ನು ನೋಡಿದರು, ಗಂಡನನ್ನು ನೋಡಿದರು, ಕಿಟಕಿಯಿಂದ ಹೊರಗೆ ಸಾಲಾಗಿ ನಿಂತ ಗಾಡಿಗಳನ್ನು ನೋಡಿದರು.

"ಜೋಡಿಯನ್ನು ಬಿಡಿಸಿದರೆ ಇಬ್ಬರಾಗುತ್ತೀರಿ ಅಂದುಕೊಂಡಿದ್ದೆ," ಎಂದರು. "ಮೂವರಾಗಿದ್ದೀರಿ."

ನಾನು ಗಂಡನನ್ನು ಮೆಲ್ಲಗೆ ಕೇಳಿದೆ, "ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮೊದಲಿನ ಹಾಗೆ ಲಾರಿ ನಿಲ್ಲಿಸಿ ದಾರಿ ಹೇಳ್ತಾ ಕೂರ್ತಿದ್ದಿ. ನಿನಗೆ ತಡ ಆದ್ರೆ ನಿನ್ನ ಲಾರಿ ಹೋಗ್ತಿತ್ತಲ್ಲ."

ನಿನ್ನ ಲಾರಿ ಎಂದರು.

ಕಫೀಲರು ತಮ್ಮನ ಮಗನಿಗೆ ಫೋನ್ ಮಾಡಲೆಂದೋ ಏನೋ ಮೊಬೈಲ್ ಕೈಗೆತ್ತಿಕೊಂಡಿದ್ದರು. "ಎರಡು ಲಾರಿಯೂ ಇರಲಿ," ಎಂದೆ. "ದಾರಿ ಮಾತ್ರ ಬದಲಾಯಿಸಿ. ಪೇಟೆ ನನಗೆ ಬಾಯಿಪಾಠ. ಇವರು ನಂಬರಿರುವ ರಸ್ತೆಗಳಿಗೆ ಹೋಗಲಿ."

"ಇವನಿಗೆ ಎಣಿಸಲು ಬರುತ್ತದೆಯೇ?"

ಆ ಪೊಲೀಸ್ ನೆನಪಾದ. "ಒಂದೇ ಕಡೆಯಿಂದ ಶುರುಮಾಡಿದರೆ ಬರುತ್ತದೆ," ಎಂದೆ.

ಅವರು ಮೊಬೈಲ್ ಕೆಳಗಿಟ್ಟರು. "ಖಲಾಸ್. ಲಾರಿ ನಿನ್ನದು."

ಹೊರಗೆ ಬಂದೆವು. ಯಾರೂ ಹೇಳದಿದ್ದರೂ ಪಠಾಣ ತನ್ನ ಟ್ಯಾಕ್ಸಿ ಮುಂದೆ ಬಿಟ್ಟ. ಅದರ ಹಿಂದೆ ಗಂಡ. ಗಂಡನ ಹಿಂದೆ ನಾನು, ನನ್ನ ಲಾರಿಯಲ್ಲಿ. ಮೂರು ಗಾಡಿಗಳೂ ಬಿನ್ ಮಹಮೂದ್‌ನ ಕಡೆ ಹೊರಟವು. ಮುಂದೆ ದಾರಿ ತೋರಿಸಲು ಒಬ್ಬ, ಹಿಂದೆ ಕಾಯಲು ಒಬ್ಬಳು. ಇನ್ನು ತಪ್ಪುವುದು ಹೇಗೆ ಎಂದು ನಾನು ನಿಶ್ಚಿಂತೆಯಿಂದ ಇದ್ದೆ. ಮನೆಯ ಹತ್ತಿರದ ರೌಂಡಬೌಟಿನಲ್ಲಿ ಟ್ಯಾಕ್ಸಿ ನಮ್ಮ ಎಕ್ಸಿಟ್ ಹಿಡಿಯಿತು. ನಾನೂ ಹಿಡಿದೆ. ನಡುವಿನಲ್ಲಿದ್ದ ಲಾರಿ ಮಾತ್ರ ಸುತ್ತಿಕೊಂಡು ಮುಂದೆ ಹೋಯಿತು.

ಪಠಾಣ ಟ್ಯಾಕ್ಸಿ ಬದಿಗೆ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಸಮಾಧಾನ ಮಾಡಿದ.

"ಗಾಬರಿ ಬೇಡ ಬಾಜಿ, ಇಲ್ಲೇ ನಿಲ್ಲೋಣ. ಈಗ ಬರುತ್ತಾರೆ. ದಿನಾ ಬರುತ್ತಾರೆ."