ಇಬ್ಬರಿಗೆ ಒಂದು ಸಮುದ್ರ

ಸರಗೂರಿನ ಗೊಬ್ಬರದಂಗಡಿ ವೀರಭದ್ರಸ್ವಾಮಿಯ ತಲೆಗೂದಲು ಒಂದು ಸೋಮವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ಕಪ್ಪಗಾಗಿತ್ತು. ತೊಂದರೆ ಶುರುವಾದದ್ದು ಅಲ್ಲಿಂದ. ಭಾನುವಾರ ಸಂಜೆಯವರೆಗೂ ಒಲೆಬೂದಿಯ ಬಣ್ಣಕ್ಕಿದ್ದ ತಲೆ, ಬೆಳಗಾಗುವಷ್ಟರಲ್ಲಿ ಹೊಸ ಟ್ರಾಕ್ಟರಿನ ಟೈರಿನಂತೆ ಮಿರುಗುತ್ತಿತ್ತು.

ಗೊಬ್ಬರದ ಕಂಪನಿಯಿಂದ ಒಂದು ಕಾಗದ ಬಂದಿತ್ತು. ಆ ವರ್ಷ ಹೆಚ್ಚು ಮಾಲು ಮಾರಿದ ಅವನ ಅಂಗಡಿಗೆ ಐದು ದಿನದ ಥಾಯ್ಲೆಂಡ್ ಪ್ರವಾಸ, ಇಬ್ಬರಿಗೆ, ಸಮುದ್ರದ ದಡದ ಹೋಟೆಲಿನಲ್ಲಿ ವಾಸ. ನಲವತ್ತೆರಡು ವರ್ಷದ ಸ್ವಾಮಿ ಅಲ್ಲಿಯವರೆಗೆ ಕಂಡಿದ್ದ ದೊಡ್ಡ ನೀರೆಂದರೆ ಕಬಿನಿಯ ಹಿನ್ನೀರು. ಅದಕ್ಕೂ ಆಚೆ ದಡ ಕಾಣುತ್ತಿತ್ತು. ಆಚೆ ದಡವೇ ಇಲ್ಲದ ನೀರನ್ನು ಹೆಂಡತಿಯ ಪಕ್ಕ ನಿಂತು ಒಮ್ಮೆ ನೋಡಬೇಕೆನ್ನುವುದು ಅವನ ಮದುವೆಯಷ್ಟೇ ಹಳೆಯ ಆಸೆ.

"ಯಾರ ತಾವೂ ಬಾಯಿ ಬುಡಬ್ಯಾಡಿ. ಮೊದ್ಲೇ ಹೇಳ್ಕಂಡ್ರೆ ದೃಷ್ಟಿಯಾಯ್ತದೆ," ಎಂದು ಆಣೆ ಹಾಕಿಸಿಕೊಂಡು ಹೆಂಡತಿ ಸುಕನ್ಯ, ಪಾಸ್‌ಪೋರ್ಟಿಗೆ ಬೇಕಾದ ಶಾಲೆಯ ಸರ್ಟಿಫಿಕೇಟು ತರಲು ಕೆ.ಆರ್. ನಗರದ ತವರಿಗೆ ಹೋಗಿದ್ದಳು. ಸೋಮವಾರ ಸಂಜೆಗೆ ವಾಪಸು.

ಸ್ವಾಮಿ ಆಣೆಯನ್ನು ಒಬ್ಬನ ವಿಷಯದಲ್ಲಿ ಮಾತ್ರ ಮುರಿದ. ಅವನು ಸ್ಟುಡಿಯೋ ಮಾದೇಶ್. ಹೊಗೆಸೊಪ್ಪಿನ ವ್ಯಾಪಾರಿಗಳ ಗುಂಪಿನ ಫೋಟೋ ತೆಗೆಯಲು ಕೊಲಂಬೊಗೆ ಹೋಗಿಬಂದಿದ್ದ ಮಾದೇಶ್, ಆ ಬೀದಿಯಲ್ಲಿ ಹೊರದೇಶ ಕಂಡಿದ್ದ ಒಬ್ಬನೇ ಮನುಷ್ಯ.

"ಪಾಸ್‌ಪೋರ್ಟು ಹತ್ ವರ್ಸ ಇರ್ತದೆ ಸ್ವಾಮಣ್ಣ," ಎಂದಿದ್ದ ಮಾದೇಶ್. "ಬಿಳಿ ತಲೇಲಿ ಫೋಟೋ ತೆಗುಸ್ಕಂಡು ಆಮೇಲೆ ಕಪ್ಪು ಮಾಡ್ಕಂಡ್ರೆ, ಏರ್‌ಪೋರ್ಟಲ್ಲಿ ಇದು ನೀನೇ ಅಲ್ಲ ಅಂತಾರೆ. ಈಗ್ಲೇ ಮಾಡ್ಕಂಬುಡು."

ಸ್ವಾಮಿಗೆ ಕಪ್ಪು ಮಾಡಿಕೊಳ್ಳುವ ಯೋಚನೆಯೇ ಇರಲಿಲ್ಲವೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಸ್ಟುಡಿಯೋದ ಕೋಟು ತೊಡಿಸಿ ಫೋಟೋ ತೆಗೆಯುತ್ತಾ ಮಾದೇಶ್ ಉಳಿದದ್ದನ್ನೂ ಹೇಳಿದ. "ಕಾಗ್ದಕ್ಕೆಲ್ಲಾ ಎರಡೆರಡು ಜೆರಾಕ್ಸ್ ಮಾಡ್ಸಿ ಬ್ಯಾರೆಬ್ಯಾರೆ ಬ್ಯಾಗಲ್ಲಿ ಇಕ್ಕು. ಚಟ್ನಿಪುಡಿ ತಕ್ಕೊ, ಉಪ್ಪಿನಕಾಯಿ ಬ್ಯಾಡ, ಸೋರ್ಕಂಡ್ರೆ ಬಟ್ಟೆಲ್ಲಾ ಎಣ್ಣೆ. ದಡದಲ್ಲಿ ಕೆಂಪು ಬಾವುಟ ನೆಟ್ಟಿದ್ರೆ ನೀರಿಗೆ ಇಳೀಬ್ಯಾಡ. ಅತ್ತಿಗೆ ಸೀರೆ ಉಟ್ಕಂಡು ಅಲೆಗೆ ನಿಂತ್ರೆ ಸೀರೆ ಒಂದ್ಕಡೆ, ಅತ್ತಿಗೆ ಒಂದ್ಕಡೆ. ಚೂಡಿದಾರ ಕೊಡ್ಸು. ನೀನೊಂದು ಚಡ್ಡಿ ತಕ್ಕೊ. ಎರಡ್ ದಿನ ಇಲ್ಲೇ ಹಾಕ್ಕಂಡು ಓಡಾಡು, ಇಲ್ದಿದ್ರೆ ಅಲ್ಲಿ ಕಾಲಿಗೆ ನಾಚ್ಕೆಯಾಯ್ತದೆ. ಮರಳ ಮೇಲೆ ನಡ್ಯೋದೂ ಕಲ್ತ್ಕ. ಅಭ್ಯಾಸ ಇಲ್ದೋರ್ಗೆ ಮೀನಖಂಡ ಹಿಡ್ಕತದೆ. ಎಲ್ ನೋಡ್ತಿದ್ದೀ, ಕ್ಯಾಮೆರಾ ನೋಡು."

ಸ್ವಾಮಿ ಕ್ಯಾಮೆರಾದ ಆಚೆ ಎಲ್ಲೋ ನೋಡುತ್ತಿದ್ದ. ಅಲ್ಲಿ ಸುಕನ್ಯ ಚೂಡಿದಾರ ಹಾಕಿಕೊಂಡು ನೀರಿನಂಚಿನಲ್ಲಿ ನಿಂತಿದ್ದಳು.

ಬಟ್ಟೆಯಂಗಡಿಯಲ್ಲಿ ಅವನು ಒಂದು ಕೆಂಪು ಚೂಡಿದಾರ, ದಾಸವಾಳದ ಚಿತ್ರವಿದ್ದ ಒಂದು ದೊಗಳೆ ಚಡ್ಡಿ, ಒಂದು ಹುಲ್ಲಿನ ಟೋಪಿ ಕೊಂಡ. ಅದೇ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೂ ಮಾರುತ್ತಿದ್ದ ಭದ್ರಮ್ಮ ಎಲ್ಲವನ್ನೂ ನೋಡಿದಳು. ಬುಟ್ಟಿ ಎತ್ತಿಕೊಂಡು ನೇರವಾಗಿ ಗೊಬ್ಬರದಂಗಡಿಯ ಎದುರಿದ್ದ ಮಂಗಳಮ್ಮನ ರಾಗಿ ಮಿಲ್ಲಿಗೆ ಬಂದಳು.

"ಮಂಗಳಕ್ಕ, ಸುಕನ್ಯ ಯಾವತ್ತಾದ್ರೂ ಚೂಡಿದಾರ ಹಾಕವ್ಳಾ?"

ಮಂಗಳಮ್ಮ ಮಿಲ್ಲು ನಿಲ್ಲಿಸಿದಳು. ರೆಪ್ಪೆಯವರೆಗೂ ಹಿಟ್ಟು ಕೂತಿದ್ದ ಮುಖದಲ್ಲಿ ಕಣ್ಣು ಮಾತ್ರ ಆಡುತ್ತಿದ್ದವು. "ತಲೆ ಕಪ್ಪಾಯ್ತು. ಕೋಟಾಕ್ಕಂಡು ಫೋಟೋ ತೆಗುಸ್ದ. ಹೆಂಡ್ರುನ್ನ ತವರಿಗೆ ಸಾಗಾಕ್ದ. ಈಗ ಚೂಡಿದಾರ."

"ಇನ್ನೇನ್ ಉಳೀತಕ್ಕ?"

"ಹೆಣ್ಣಿನ ಕಡೆಯೋರು ಬರೋದೊಂದು ಉಳೀತು ಕಣೆ."

ಹನ್ನೆರಡು ಗಂಟೆಗೆ ಅವರೂ ಬಂದರು. ಬೈಕಿನ ಮೇಲೆ ಒಬ್ಬನೇ; ಇನ್‌ಶರ್ಟು, ಕಂಕುಳಲ್ಲಿ ಫೈಲು. ಮಿಲ್ಲಿನ ಜಗಲಿಯಲ್ಲಿ ಕೂತು ನೀರು ಕೇಳಿ ಕುಡಿದು, "ಎದುರುಗಡೆ ಗೊಬ್ಬರದಂಗಡಿಯವರು ಹೇಗೆ? ಒಳ್ಳೆ ಜನವಾ?" ಎಂದ.

ಆ ಕಡೆ ಹೆಣ್ಣು ಕೊಡುವವರು ವಿಚಾರಿಸುವುದೇ ಹೀಗೆ. ನೇರವಾಗಿ ಮನೆಗೆ ಹೋಗುವುದಿಲ್ಲ. ಎದುರಿನಲ್ಲಿ ಕೂತು, ಯಾಕೆಂದು ಹೇಳದೆ ಗುಣ ಕೇಳುತ್ತಾರೆ. ಹೇಳುವವರೂ ಯಾಕೆಂದು ಕೇಳುವುದಿಲ್ಲ. ಒಳ್ಳೆಯದನ್ನೇ ಹೇಳಿ ಕಳಿಸುತ್ತಾರೆ. ಅದು ಬೀದಿಯ ಮರ್ಯಾದೆ. ಆ ದಿನ ಮಂಗಳಮ್ಮ ಸುಕನ್ಯಳ ಸಲುವಾಗಿ ಬೀದಿಯ ಮರ್ಯಾದೆಯನ್ನು ಪಕ್ಕಕ್ಕಿಟ್ಟಳು.

"ಒಳ್ಳೆ ಜನವಾ? ಹೆಂಡ್ತಿ ಬಂಗಾರ ಕಣಪ್ಪ. ಅವ್ನು ಮಾತ್ರ ಬ್ಯಾಡ."

"ಕುಡೀತಾರಾ?"

"ಹಲ್ಲುಜ್ಜೋದ ಮರ್ತಾನು, ಅದ ಮರೆಯಾಕಿಲ್ಲ."

"ಹೊರಗೂರಿಗೆ ಹೋದ್ರೆ ಹೇಗಿರ್ತಾರೆ?"

"ಮೈಸೂರಿಗೆ ಹೋದೋನು ಮೂರ್ ದಿನ ಪತ್ತೆಯಿಲ್ಲ. ನಾಕನೇ ದಿನ ಪೋಲೀಸ್ನೋರು ತಂದ್ ಬುಟ್ರು. ಮೈಮ್ಯಾಲೆ ಒಂದು ಅಂಗಿ ಇರ್ನಿಲ್ಲ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮಂಗಳಮ್ಮ, ತೀರಿಹೋದ ತನ್ನ ಗಂಡನ ಕತೆಯನ್ನೇ ಒಂದಿಷ್ಟೂ ಬದಲಿಸದೆ ಹೇಳಿದ್ದಳು. ಅದಕ್ಕೇ ಅದು ಅಷ್ಟು ನಿಜವಾಗಿ ಕೇಳಿಸಿತು. "ನಂಬ್ಕೆ ಇಲ್ದಿದ್ರೆ ಹಿಂದ್ಗಡೆ ಗೋಡೋನ್ ಕಿಟಕೀಲಿ ಬಗ್ಗಿ ನೋಡಪ್ಪ," ಎಂದೂ ಸೇರಿಸಿದಳು. ಅಲ್ಲಿ ಏನಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.

ಗೋಡೋನಿನಲ್ಲಿ ಒಂದು ಯೂರಿಯಾ ಚೀಲ ಒಡೆದು ನೆಲದ ತುಂಬ ಬೆಳ್ಳಗೆ ಹರಡಿತ್ತು. ಅದರ ಮೇಲೆ ಸ್ವಾಮಿ ಬರಿಗಾಲಲ್ಲಿ ನಡೆಯುತ್ತಿದ್ದ. ದಾಸವಾಳದ ಚಡ್ಡಿ, ಹುಲ್ಲಿನ ಟೋಪಿ, ಮುಚ್ಚಿದ ಕಣ್ಣು. ಪಾದದಡಿ ಹರಳು ಜಾರುತ್ತಿದ್ದವು. ಬಿಸಿಲು ಹಂಚಿನ ಸಂದಿಯಿಂದ ಇಳಿದು ಬಂದು ಯೂರಿಯಾದ ಮೇಲೆ ಹೊಳೆಯುತ್ತಿತ್ತು. "ನೋಡ್ದಾ ಸುಕನ್ಯ, ಆಚೆ ದಡಾನೇ ಇಲ್ಲ," ಎಂದು ಅವನು ಮೆಲ್ಲಗೆ ಹೇಳಿ, ಬಾರದ ಅಲೆಯೊಂದಕ್ಕೆ ಹಿಂದೆ ಸರಿದು ನಕ್ಕ.

ಕಿಟಕಿಯಲ್ಲಿದ್ದ ಮನುಷ್ಯ ಫೈಲು ಬಿಚ್ಚಿ ಎರಡು ಸಾಲು ಬರೆದುಕೊಂಡ. ಬೈಕು ಹೊರಟುಹೋಯಿತು.

ಮೂರು ಗಂಟೆಗೆ ಮಂಗಳಮ್ಮ ರಸ್ತೆ ದಾಟಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಿನ್ನ ಹೆಣ್ಣಿನ ಕಡೆಯೋರ್ನ ಓಡುಸ್ಬುಟ್ಟೆ ಕಣೋ ಸ್ವಾಮಿ. ಬಂಗಾರದಂಥ ಹೆಂಡ್ರು ಮಡಿಕ್ಕಂಡು ಇನ್ನೊಂದು ಕಟ್ಕತೀಯಾ?"

ಅವಳು ಪಟ್ಟಿಮಾಡಿ ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಸ್ವಾಮಿಗೆ ದೃಷ್ಟಿಯ ಭಯಕ್ಕಿಂತ ಮಾನದ ಭಯ ದೊಡ್ಡದಾಯಿತು. ಕಂಪನಿಯ ಕಾಗದ ತೆಗೆದು ಓದಿ ಹೇಳಿದ. ಮಂಗಳಮ್ಮ ಮೂಟೆಯ ಮೇಲೆ ಕುಸಿದಳು.

"ಅಂಗಾರೆ ಬಂದೋನು ಯಾರು?"

ಉತ್ತರ ಫೋನಿನಲ್ಲಿ ಬಂತು. ಮೈಸೂರಿನ ಕಂಪನಿ ಆಫೀಸಿನವರು. ಹೋದ ವರ್ಷ ಕರೆದೊಯ್ದ ಡೀಲರೊಬ್ಬರು ಅಲ್ಲಿ ಕುಡಿದು ಬಿದ್ದು ಕಂಪನಿಯ ಮಾನ ಹೋದದ್ದರಿಂದ, ಈ ವರ್ಷ ಹೋಗುವವರ ನಡತೆ ವಿಚಾರಿಸಲು ಆಳು ಕಳಿಸಿದ್ದರಂತೆ.

"ರಿಪೋರ್ಟು ಚೆನ್ನಾಗಿಲ್ಲ ಸ್ವಾಮಿಯವರೇ. ನಮ್ಮ ಹುಡುಗ ಕಣ್ಣಾರೆ ನೋಡಿದಾನೆ."

ಮಂಗಳಮ್ಮ ರಿಸೀವರ್ ಕಿತ್ತುಕೊಂಡಳು. "ಸಾರ್, ನಾನೇಳಿದ್ದೆಲ್ಲಾ ಸುಳ್ಳು ಕಣ್ರೀ. ದೇವರಂಥ ಮನುಷ್ಯ."

"ಅಮ್ಮಾ, ಈಗ ಅವರು ನಿಮ್ಮ ಪಕ್ಕದಲ್ಲೇ ನಿಂತಿದಾರಾ?"

"ಹೂಂ ಸಾರ್, ಇಲ್ಲೇ ನಿಂತವ್ರೆ."

"ಅರ್ಥ ಆಯ್ತಮ್ಮ. ಹೆದರಬೇಡಿ."

ಸ್ವಾಮಿ ರಿಸೀವರ್ ತೆಗೆದುಕೊಂಡಾಗ ಆ ಕಡೆಯ ದನಿ ಇನ್ನಷ್ಟು ಬಿಗಿಯಾಗಿತ್ತು. "ಅಂಗಡಿ ಲೈಸೆನ್ಸು ನಿಮ್ಮ ಶ್ರೀಮತಿಯವರ ಹೆಸರಲ್ಲಿದೆ, ಅದಕ್ಕೇ ಬಹುಮಾನ ರದ್ದು ಮಾಡಿಲ್ಲ. ಅವರು ಬರಬಹುದು. ಜೊತೆಗೆ ಬೇರೆ ಯಾರಾದ್ರೂ ಜವಾಬ್ದಾರಿ ಇರೋರನ್ನ ಕರ್ಕೊಂಡು ಬರಲಿ. ಸಂಜೆ ಆರರೊಳಗೆ ಹೆಸರು ಹೇಳಿ. ಅಂದ ಹಾಗೆ, ಎದುರು ಮಿಲ್ಲಿನ ಹೆಂಗಸು ಬಹಳ ಧೈರ್ಯಸ್ಥರು ಅಂತ ರಿಪೋರ್ಟಲ್ಲಿ ಬರೆದಿದೆ."

ಐದೂವರೆಗೆ ಹುಣಸೂರಿನ ಮೇಲೆ ಬಂದ ಬಸ್ಸಿನಿಂದ ಸುಕನ್ಯ ಇಳಿದಳು. ಜಗಲಿಯಲ್ಲಿ ಅಳುತ್ತಿದ್ದ ಮಂಗಳಮ್ಮನಿಂದ ಅರ್ಧ, ಅಳದೆ ಕೂತಿದ್ದ ಗಂಡನಿಂದ ಅರ್ಧ ವಿಷಯ ತಿಳಿದುಕೊಂಡಳು. ಬ್ಯಾಗು ಕೆಳಗಿಟ್ಟು ಗಡಿಯಾರ ನೋಡಿದಳು.

"ನಮ್ಮವ್ವ ಹಸು ಬುಟ್ಟು ಜೊತೆಗೆ ಬರಾಕಿಲ್ಲ," ಎಂದಳು. "ನೀವು ಬ್ಯಾಡ ಅಂದ್ರೆ ನಾನೂ ಬ್ಯಾಡ ಅಂತೀನಿ."

ಸ್ವಾಮಿ ಅವಳ ಮುಖ ನೋಡಿದ. ಬಾಯಲ್ಲಿ ಬ್ಯಾಡ ಎನ್ನುತ್ತಿದ್ದವಳ ಕಣ್ಣು ಆಗಲೇ ನೀರಿನಂಚಿಗೆ ಹೋಗಿ ನಿಂತಿತ್ತು. ಅಲ್ಲಿಂದ ಅವಳನ್ನು ವಾಪಸು ಕರೆಯಲು ಅವನಿಗೆ ಮನಸ್ಸಾಗಲಿಲ್ಲ.

"ಹೋಗ್ಬುಟ್ಟು ಬಾ," ಎಂದ. "ಬಂದು ಹೆಂಗಿತ್ತು ಅಂತ ಹೇಳು."

ಸುಕನ್ಯ ಫೋನು ಮಾಡಿ ಮಂಗಳಮ್ಮನ ಹೆಸರು ಹೇಳಿದಳು.

ಮಂಗಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಾಗ ಹಿಟ್ಟು ಹೋಗಿ, ಹತ್ತು ವರ್ಷ ಚಿಕ್ಕವಳಾದ ಯಾರೋ ಹೊರಬಂದಂತಾಯಿತು. "ಆಯ್ತು ಕಣವ್ವ, ನಿನ್ ಜೊತೆ ಬತ್ತೀನಿ. ಆದ್ರೆ ಐದ್ ದಿನ ಮಿಲ್ಲು ಮುಚ್ಚಿದ್ರೆ ಬೀದಿ ಜನ ಹಿಟ್ಟಿಗೆ ಎಲ್ಲಿ ಹೋಗ್ಬೇಕು?"

"ನಮ್ಮನೆಯವ್ರು ಇದ್ದಾರಲ್ಲ," ಎಂದಳು ಸುಕನ್ಯ, ಗಂಡನನ್ನು ತೋರಿಸಿ.

ಆರು ಗಂಟೆಗೆ ಮಂಗಳಮ್ಮ ಸ್ವಾಮಿಯನ್ನು ಮಿಲ್ಲಿನ ಮುಂದೆ ನಿಲ್ಲಿಸಿ ಸ್ವಿಚ್ಚು ಹಾಕಿದಳು. ರಾಗಿಗೆ ಇಷ್ಟು ಬಿಗಿ, ಅಕ್ಕಿಗೆ ಇಷ್ಟು ಸಡಿಲ ಎಂದು ಹಿಡಿ ತಿರುಗಿಸಿ ತೋರಿಸಿದಳು. ಹಿಟ್ಟಿನ ಡಬ್ಬ ಹಿಡಿದ ಹೆಂಗಸರು ಹೊಸ ಮಿಲ್ಲಿನವನನ್ನು ನೋಡಲು ಸಾಲಾಗಿ ನಿಂತರು. ಸ್ವಾಮಿಯ ಕಪ್ಪು ತಲೆ ಎರಡು ನಿಮಿಷದಲ್ಲಿ ಬೆಳ್ಳಗಾಯಿತು.

"ಸ್ವಾಮಣ್ಣ," ಎಂದು ಸಾಲಿನ ತುದಿಯಿಂದ ಭದ್ರಮ್ಮ ಕೂಗಿದಳು, "ನಂದು ನುಣ್ಣಗೆ ಇರ್ಲಿ ಕಣಪ್ಪ. ಹೋದ್ ಸಲ ಮಂಗಳಕ್ಕ ಒಳ್ಳೆ ಮರಳು ಮಾಡ್ ಕೊಟ್ಟಿದ್ಲು."